ಮನೆ ಮುಂದೆ ನಿಂತ ಕಾರಿನ ಎಂಜಿನ್ ಎರಡು ನಿಮಿಷ ಓಡಬೇಕೇ?

ಪ್ರಶ್ನೆ: ನನ್ನದು ಟರ್ಬೊ ಡೀಸೆಲ್ ಕಾರು. ಪ್ರತಿ ಸಲ ಆಫ್ ಮಾಡುವ ಮುನ್ನ ಎರಡು ಮೂರು ನಿಮಿಷ ಎಂಜಿನ್ ಓಡಿಸದಿದ್ದರೆ ಟರ್ಬೊ ಹಾಳಾಗುತ್ತದೆಯೇ?

ಇಲ್ಲ. ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ತಪ್ಪಿದೆ. ಈ ಸಲ ಕಾರಣವನ್ನೇ ಬಿಡಿಸಿ ಹೇಳುತ್ತೇನೆ.

ಹೊರಹೋಗುವ ಬಿಸಿ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನವೇ ಟರ್ಬೊ. ಅದರೊಳಗಿನ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಹೊತ್ತು ನಿಂತಿರುವುದು ಆಯಿಲಿನ ತೆಳುವಾದ ಪದರ. ಟರ್ಬೊ ಕೆಂಡದಂತೆ ಕಾದಿರುವಾಗ ಎಂಜಿನ್ ನಿಲ್ಲಿಸಿದರೆ ಆಯಿಲಿನ ಹರಿವು ನಿಲ್ಲುತ್ತದೆ; ಬೇರಿಂಗಿನಲ್ಲಿ ಉಳಿದದ್ದು ಸುಟ್ಟು ಮಸಿಯಾಗಿ ಕಚ್ಚಿಕೊಳ್ಳುತ್ತದೆ. ಭಯ ಹುಟ್ಟಿದ್ದು ಇಲ್ಲಿಂದ. ಆದರೆ ‘ಕಾದಿರುವಾಗ’ ಎಂಬ ಪದವನ್ನು ಎಲ್ಲರೂ ಮರೆತರು. ಸಿಲ್ಕ್ ಬೋರ್ಡಿನಿಂದ ತೆವಳುತ್ತ ಮನೆ ಸೇರಿದ ಕಾರಿನ ಟರ್ಬೊ ಅಷ್ಟು ಕಾಯುವುದೇ ಇಲ್ಲ. ಹೆದ್ದಾರಿಯಲ್ಲಿ ಓಡಿ ಬಂದಿದ್ದರೂ ಬಡಾವಣೆಯೊಳಗಿನ ಕೊನೆಯ ಒಂದೆರಡು ಕಿಲೋಮೀಟರಿನ ನಿಧಾನದ ಓಟವೇ ಅದನ್ನು ತಣಿಸಿರುತ್ತದೆ. ಸಿಗ್ನಲ್‌ನಲ್ಲಿ ತಾನಾಗಿ ಎಂಜಿನ್ ನಿಲ್ಲಿಸುವ ವ್ಯವಸ್ಥೆ ಎಷ್ಟೋ ಟರ್ಬೊ ಕಾರುಗಳಲ್ಲಿದೆ. ನಿಲ್ಲಿಸಿದೊಡನೆ ಟರ್ಬೊ ಸಾಯುವುದಾಗಿದ್ದರೆ ಕಾರು ತಯಾರಿಸಿದವರೇ ಅದನ್ನು ಕೊಡುತ್ತಿದ್ದರೇ?

ಚಾರ್ಮಾಡಿ ಘಾಟಿ ಹತ್ತಿ ನೇರವಾಗಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸುವ ಸಂದರ್ಭ ಬೇರೆ. ಅಲ್ಲಿ ಒಂದು ನಿಮಿಷ ಎಂಜಿನ್ ಓಡಲಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ಜೋರಾಗಿ ಒತ್ತುವುದನ್ನೂ ಬಿಡಿ. ಆಗ ಆಯಿಲ್ ಇನ್ನೂ ದಪ್ಪಗಿರುತ್ತದೆ.

ಟರ್ಬೊವನ್ನು ನಿಜವಾಗಿ ಕೊಲ್ಲುವುದು ಹಳೆಯ ಆಯಿಲ್. ಎರಡು ನಿಮಿಷದ ವ್ರತವನ್ನು ಒಂದು ದಿನವೂ ತಪ್ಪಿಸದ ಪರಿಚಿತರೊಬ್ಬರು ಆಯಿಲ್ ಬದಲಿಸುವ ಗಡುವನ್ನು ಮಾತ್ರ ಎರಡು ಸಲ ದಾಟಿಸಿದ್ದರು. ಅವರ ಕಾರಿನ ಆಯಿಲ್ ಸಂಪ್ ಬಿಚ್ಚಿದಾಗ ತಳದಲ್ಲಿ ಡಾಂಬರಿನಂಥ ಜಿಗುಟು ಕೂತಿತ್ತು. ಕಾರಿನ ಕೈಪಿಡಿ ಹೇಳಿದ ದರ್ಜೆಯ ಆಯಿಲನ್ನೇ, ಹೇಳಿದ ಅವಧಿಯೊಳಗೆ ಹಾಕಿಸಿ. ಏರ್ ಫಿಲ್ಟರಿನ ಮಾತೂ ಅಷ್ಟೇ.

ನೀವು ಕೇಳದಿದ್ದರೂ ಇನ್ನೊಂದನ್ನು ಹೇಳಲೇಬೇಕು. ಪಿಕಪ್ ಕಡಿಮೆಯಾಗಿ, ಬುಸ್ಸೆಂಬ ಸದ್ದಿನೊಂದಿಗೆ ಕಪ್ಪು ಹೊಗೆ ಬಂದರೆ ‘ಟರ್ಬೊ ಹೋಯಿತು’ ಎಂಬ ತೀರ್ಪಿಗೆ ತಲೆಯಾಡಿಸಬೇಡಿ. ಮೊದಲು, ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರಬ್ಬರ್ ಪೈಪುಗಳನ್ನೂ ಕ್ಲಿಪ್ಪುಗಳನ್ನೂ ನೋಡಿಸಿ. ಸೀಳಿದ ಒಂದು ಪೈಪು ಇದೆಲ್ಲವನ್ನೂ ಮಾಡಬಲ್ಲದು. ನೀಲಿ ಹೊಗೆ ಬಂದು ಆಯಿಲ್ ಕಡಿಮೆಯಾಗುತ್ತಿದ್ದರೆ ಮಾತ್ರ ಟರ್ಬೊದ ಸೀಲನ್ನು ಶಂಕಿಸಬಹುದು, ಅದೂ ಎಂಜಿನ್ನಿನ ಬ್ರೀದರ್ (ಒಳಗಿನ ಅನಿಲ ಹೊರಹೋಗುವ ದಾರಿ) ಕಟ್ಟಿಕೊಂಡಿಲ್ಲವೆಂದು ಖಚಿತವಾದ ಮೇಲೆ. ಕೊನೆಗೂ ಹೊಸ ಟರ್ಬೊ ಬೇಕಾದರೆ, ಅದಕ್ಕೆ ಆಯಿಲ್ ತರುವ ಸಣ್ಣ ಪೈಪನ್ನೂ ಬದಲಿಸಲು ಗ್ಯಾರೇಜಿನವರಿಗೆ ಹೇಳಿ. ಹಳೆಯ ಪೈಪಿನೊಳಗೆ ಮಸಿ ಕಟ್ಟಿದ್ದರೆ ಹೊಸದೂ ಆಯಿಲ್ ಸಿಗದೆ ಬೇಗನೆ ಸವೆಯುತ್ತದೆ.