ಸಾವಿರ ವೋಲ್ಟ್‌ಗೆ ಒಂದು ವೋಲ್ಟ್ ಕಮ್ಮಿ

ಮಳೆ ಬಿತ್ತು ಅಂದರೆ ಅಳತೆ ಉಪಕರಣ ರಿಪೇರಿ ಮಾಡುವ ನನಗೆ ಫೋನ್ ಶುರು. "ಸರ್, ಕ್ಯಾಲಿಬ್ರೇಟರ್ ಸಾವಿರಕ್ಕೆ ಇಟ್ರ ಒಂಬೈನೂರಾ ತೊಂಬತ್ತೊಂಬತ್ತು ಬರ್ಲಾಕತ್ತದ್ರಿ." ನೀವೇನಾದರೂ ಮುಟ್ಟಿದ್ದೀರಾ ಅಂತ ಕೇಳುತ್ತೇನೆ. "ಇಲ್ರಿ ಸರ್, ಏನೂ ಮುಟ್ಟಿಲ್ಲ. ಒಳಗಿನ ಸ್ಕ್ರೂ ಒಂದೀಟು ತಿರುವೀವಿ, ಅಷ್ಟೇ."

ಆ ಒಂದೀಟಿನಿಂದ ನನಗೆ ಎಷ್ಟು ಕೆಲಸ ಹತ್ತುತ್ತದೆ ಅಂತ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾತು ಹಳೇ ಹೈ-ವೋಲ್ಟೇಜ್ ಕ್ಯಾಲಿಬ್ರೇಟರ್‌ಗಳದ್ದು, ಅಂದರೆ ಬೇರೆ ಮೀಟರುಗಳು ಸರಿ ಇವೆಯಾ ಅಂತ ನೋಡಲು ಕರಾರುವಾಕ್ಕಾದ ವೋಲ್ಟೇಜ್ ಕೊಡುವ ಪೆಟ್ಟಿಗೆಗಳದ್ದು. ಫ್ಲೂಕ್ ಕಂಪನಿಯ 332, 5100 ಇಂಥವು. 1,100 ವೋಲ್ಟ್‌ವರೆಗೂ ಕೊಡುತ್ತವೆ. ಕಲಬುರಗಿ ಸುತ್ತಮುತ್ತಲ ಕಾರ್ಖಾನೆಗಳ ಇನ್‌ಸ್ಟ್ರುಮೆಂಟ್ ಶಾಪ್‌ಗಳಲ್ಲಿ, ಕೆಲವು ಕಾಲೇಜು ಲ್ಯಾಬ್‌ಗಳಲ್ಲಿ ಈಗಲೂ ಇವೆ. ಹೊಸದು ಕೊಳ್ಳಲು ಲಕ್ಷಗಟ್ಟಲೆ ಬೇಕು, ಇವು ಇನ್ನೂ ಚೆನ್ನಾಗಿ ನಡೆಯುತ್ತವೆ. ಇವುಗಳನ್ನು ಇಟ್ಟುಕೊಂಡವರ ಮೇಲೆ ನನಗೆ ಪ್ರೀತಿಯೇ ಇದೆ. ಸ್ಕ್ರೂಡ್ರೈವರ್ ಮೇಲೆ ಮಾತ್ರ ಸಿಟ್ಟು.

ಇಂಥ ಉಪಕರಣದ ತಪ್ಪು ಹತ್ತು ಲಕ್ಷಕ್ಕೆ 50 ಭಾಗದೊಳಗೆ ಇರಬೇಕು ಅಂತ ಇಟ್ಟುಕೊಳ್ಳಿ. ಸಾವಿರ ವೋಲ್ಟ್‌ನಲ್ಲಿ ಅದು 50 ಮಿಲಿವೋಲ್ಟ್. ಒಂದು ವೋಲ್ಟ್ ಕಮ್ಮಿ ಬಂದರೆ ಮಿತಿಯ ಇಪ್ಪತ್ತು ಪಟ್ಟು ಆಚೆ ಹೋಗಿದೆ ಅಂತ ಅರ್ಥ. ವಯಸ್ಸಾಯಿತು ಅಂತ ಒಂದು ಕ್ಯಾಲಿಬ್ರೇಟರ್ ಹೀಗೆ ಇದ್ದಕ್ಕಿದ್ದಂತೆ ಇಳಿಯುವುದಿಲ್ಲ. ಎಲ್ಲೋ ಏನೋ ಕೆಟ್ಟಿದೆ. ಔಟ್‌ಪುಟ್ ಹೊಂದಿಸುವ ಸ್ಕ್ರೂ ತಿರುಗಿಸಿದರೆ ಆ ಕೆಟ್ಟಿದ್ದು ಸರಿಯಾಗುವುದಿಲ್ಲ, ಮರೆಯಾಗುತ್ತದೆ.

ಇನ್ನೂ ಒಂದು. ಏನು ನೋಡಿಕೊಂಡು ತಿರುಗಿಸಿದಿರಿ? ಕೈಲಿ ಹಿಡಿಯುವ ಮಲ್ಟಿಮೀಟರ್ ನೋಡಿಕೊಂಡು, ಅಲ್ವಾ? ಒಳ್ಳೇ ಮೀಟರೇ ಇರಲಿ, ತಪ್ಪು ಶೇ. 0.05 ಅನ್ನೋಣ. ಸಾವಿರಕ್ಕೆ ಅರ್ಧ ವೋಲ್ಟ್ ಆಯಿತು. ತೊಗರಿ ಮೂಟೆ ತೂಗುವ ಕಾಟಾದಲ್ಲಿ ಬಂಗಾರ ತೂಗಿದ ಹಾಗೆ. ಅದರ ಮೇಲೆ ಆ ಮಲ್ಟಿಮೀಟರನ್ನು ಪ್ರತಿ ವರ್ಷ ಪರೀಕ್ಷೆ ಮಾಡಿದ್ದು ಇದೇ ಕ್ಯಾಲಿಬ್ರೇಟರ್‌ನಿಂದ!

ಹಾಗಾದರೆ ಒಂದು ವೋಲ್ಟ್ ಹೋಗಿದ್ದೆಲ್ಲಿ? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಎಲ್ಲರೂ ಎಡವುವುದು ಇಲ್ಲೇ.

ಉಪಕರಣ ತನ್ನ ಔಟ್‌ಪುಟ್ಟನ್ನು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಭಾಗ) ಸರಪಳಿಯಲ್ಲಿ ಭಾಗ ಮಾಡಿ, ಒಳಗಿನ ಝೀನರ್ ರೆಫರೆನ್ಸ್ (ಸ್ಥಿರವಾದ ವೋಲ್ಟೇಜ್ ಕೊಡುವ ಭಾಗ) ಜೊತೆ ಹೋಲಿಸುತ್ತಲೇ ಇರುತ್ತದೆ. ಭಾಗ ಮಾಡಿದ್ದು ಜಾಸ್ತಿ ಬಂದರೆ ಔಟ್‌ಪುಟ್ ಇಳಿಸುತ್ತದೆ, ಕಮ್ಮಿ ಬಂದರೆ ಏರಿಸುತ್ತದೆ. ಸಾವಿರ ವೋಲ್ಟ್ ರೇಂಜಿನಲ್ಲಿ ಈ ಸರಪಳಿಯ ಮೇಲಿನ ರೆಸಿಸ್ಟರ್ 1 ಮೆಗಾಓಮ್ ಅನ್ನೋಣ. ಅದರ ಎರಡು ತುದಿಗಳ ನಡುವೆ ಧೂಳು ಕೂತಿದೆ. ಒಣ ಧೂಳಿನಿಂದ ತೊಂದರೆ ಕಮ್ಮಿ. ಜೂನ್ ಬಂತು, ಗಾಳಿಯಲ್ಲಿ ತೇವ ಬಂತು, ಧೂಳು ತೇವ ಕುಡಿಯಿತು. ಈಗ ಅದೂ ಒಂದು ರೆಸಿಸ್ಟರ್. 1,000 ಮೆಗಾಓಮ್ ಇರಬಹುದು. ಸಾಮಾನ್ಯ ಮೀಟರಿನಲ್ಲಿ ಕಾಣಿಸುವುದೇ ಇಲ್ಲ. ಆದರೆ 1 ಮೆಗಾಓಮ್ ಪಕ್ಕದಲ್ಲಿ 1,000 ಮೆಗಾಓಮ್ ಬಂದು ನಿಂತರೆ ಸಾವಿರಕ್ಕೆ ಒಂದು ಪಾಲು ವ್ಯತ್ಯಾಸ. ಔಟ್‌ಪುಟ್ ಜಾಸ್ತಿಯಾಯಿತು ಅಂತ ತಿಳಿದು ಉಪಕರಣ ತಾನೇ ಒಂದು ವೋಲ್ಟ್ ಇಳಿಸುತ್ತದೆ. ನೀವು ನೋಡಿದ 999 ಅದೇ.

ಅದೇ ಧೂಳು 10 ವೋಲ್ಟ್ ರೇಂಜಿನಲ್ಲಿ ಏನು ಮಾಡುತ್ತದೆ? ಅಲ್ಲಿ ರೆಸಿಸ್ಟರ್ ನೂರು ಪಟ್ಟು ಸಣ್ಣದು, 10 ಕಿಲೋಓಮ್ ಅನ್ನೋಣ. ವ್ಯತ್ಯಾಸ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ, ನಿಮ್ಮ ಮೀಟರಿಗೆ ಗೊತ್ತೇ ಆಗುವುದಿಲ್ಲ. ಹತ್ತರಲ್ಲಿ ಸರಿ ಇದೆ, ಸಾವಿರದಲ್ಲಿ ಮಾತ್ರ ತಪ್ಪು ಅಂದರೆ ನಾನು ಮೊದಲು ಸೋರಿಕೆ, ಅಂದರೆ ಹೀಗೆ ಧೂಳು-ತೇವದಲ್ಲಿ ಕರೆಂಟ್ ಹರಿಯುವ ದಾರಿ, ಹುಡುಕುತ್ತೇನೆ. ಎಲ್ಲ ರೇಂಜಿನಲ್ಲೂ ಒಂದೇ ಪ್ರಮಾಣದ ತಪ್ಪು ಬಂದರೆ ರೆಫರೆನ್ಸ್ ಕಡೆ ಅನುಮಾನ. ಒಂದು ಡಯಲಿನ ಒಂದೇ ಅಂಕಿಯಲ್ಲಿ ಹಾರಿದರೆ ಆ ಸ್ವಿಚ್ಚಿನ ಕಾಂಟ್ಯಾಕ್ಟ್, ಇಲ್ಲವೇ ಆ ರೆಸಿಸ್ಟರ್. ಬಹಳ ಸಲ ಹೀಗೇ ಇರುತ್ತದೆ, ಯಾವಾಗಲೂ ಅಲ್ಲ. ತೆರೆದು ಅಳೆಯದೆ ಖಾತ್ರಿಯಾಗಿ ಹೇಳಲಾರೆ. ಆದರೆ ನೀವು ಮೂರ್ನಾಲ್ಕು ಸ್ಕ್ರೂ ತಿರುಗಿಸಿಟ್ಟರೆ ಈ ಗುರುತುಗಳೆಲ್ಲ ಕಲಸಿಹೋಗುತ್ತವೆ. ಆಮೇಲೆ ಕಾಯಿಲೆ ಯಾವುದು, ನಿಮ್ಮ ಔಷಧಿ ಯಾವುದು, ಬೇರೆ ಮಾಡಿ ನೋಡುವುದೇ ದೊಡ್ಡ ಕೆಲಸ.

ಜುಲೈನಲ್ಲಿ ತಿರುಗಿಸಿ ಸಾವಿರಕ್ಕೆ ತಂದಿರಿ ಅನ್ನೋಣ. ಡಿಸೆಂಬರ್‌ನಲ್ಲಿ ಗಾಳಿ ಒಣಗುತ್ತದೆ, ಸೋರಿಕೆ ನಿಲ್ಲುತ್ತದೆ, ಈಗ 1,001 ಬರುತ್ತದೆ. ಮತ್ತೆ ತಿರುಗಿಸುತ್ತೀರಿ. ಸೇಡಂ ಕಡೆಯಿಂದ ಬಂದ ಒಂದರಲ್ಲಿ ಸ್ಕ್ರೂ ಕೊನೆ ಮುಟ್ಟಿ ತಿರುಗದೇ ಹೋಗಿತ್ತು. ಅವರು ಬಿಡಲಿಲ್ಲ. ಅಂಗಡಿಯಲ್ಲಿ ಸಿಗುವ ಒಂದು ಮಾಮೂಲಿ ರೆಸಿಸ್ಟರ್ ತಂದು ಪಕ್ಕಕ್ಕೆ ಬೆಸುಗೆ ಹಾಕಿದ್ದರು, ಬೆಸುಗೆಯ ಜೊತೆ ಹಚ್ಚುವ ಫ್ಲಕ್ಸ್ ಕೂಡ ಒರೆಸಿರಲಿಲ್ಲ. ಆ ಫ್ಲಕ್ಸ್ ಮೇಲೆ ಸುಣ್ಣದ ಕಲ್ಲಿನ ಪುಡಿ ಹಿಟ್ಟಿನಂತೆ ಕೂತಿತ್ತು. ಸ್ಕ್ರೂ ಕೊನೆ ಮುಟ್ಟಿದ್ದೇ ಒಂದು ಉತ್ತರ ಅಲ್ವಾ? ಕಾರ್ಖಾನೆಯವರು ಅದಕ್ಕೆ ಅಷ್ಟು ಸಣ್ಣ ಓಡಾಟ ಕೊಟ್ಟಿದ್ದು ಸುಮ್ನೆ ಅಲ್ಲ.

ಇಂಥದರ ರಿಪೇರಿ ನೋಡಲು ಏನೂ ಇಲ್ಲ, ಬರೀ ತೊಳೆಯುವುದು. ಕೈಗವಸು ಹಾಕಿಕೊಂಡು, ಐಸೋಪ್ರೊಪೈಲ್ ಆಲ್ಕೋಹಾಲ್, ಮೆತ್ತನೆ ಬ್ರಷ್, ತೊಳೆಯಬಹುದಾದ ಭಾಗವಾದರೆ ಕೊನೆಗೆ ಡಿಸ್ಟಿಲ್ಡ್ ನೀರು, ಆಮೇಲೆ ಬೆಚ್ಚಗೆ ನಿಧಾನವಾಗಿ ಒಣಗಿಸುವುದು. ಬರಿಗೈಲಿ ಮುಟ್ಟಿದರೆ ಬೆವರಿನ ಉಪ್ಪೇ ಹೊಸ ಸೋರಿಕೆ. ಹಳೇ ಸ್ವಿಚ್ಚುಗಳ ಫಿನಾಲಿಕ್ (ಒಂದು ಬಗೆಯ ಪ್ಲಾಸ್ಟಿಕ್) ಬಿಲ್ಲೆ ತಾನೇ ತೇವ ಹೀರಿಕೊಂಡಿದ್ದರೆ ಬದಲಿಸಬೇಕಾಗಬಹುದು. ಸಿಕ್ಕ ಸ್ಪ್ರೇ ಹೊಡೆಯಬೇಡಿ, ಎಣ್ಣೆ ಉಳಿದು ಮತ್ತೆ ಧೂಳು ಹಿಡಿಯುತ್ತದೆ. ಇದನ್ನು ನಿಮ್ಮಲ್ಲೇ ಮಾಡಿ ಅಂತ ನಾನು ಹೇಳುತ್ತಿಲ್ಲ. ಸಾವಿರ ವೋಲ್ಟ್‌ನಲ್ಲಿ 50 ಮಿಲಿಆಂಪ್ ಕೊಡುವ ಪೆಟ್ಟಿಗೆ ಜೀವ ತೆಗೆಯಬಲ್ಲದು. ಪ್ಲಗ್ ಕಿತ್ತರೂ ಕೆಪ್ಯಾಸಿಟರ್‌ನಲ್ಲಿ ಚಾರ್ಜ್ ಇರುತ್ತದೆ, ಒಮ್ಮೆ ಖಾಲಿ ಮಾಡಿದ ಮೇಲೂ ಸ್ವಲ್ಪ ಮರಳಿ ಬರುತ್ತದೆ.

ನೀವು ಮಾಡಬೇಕಾದ್ದು ಒಂದೇ: ಬರೆದಿಡುವುದು. ಒಂದು ಕಾರ್ಖಾನೆಯಲ್ಲಿ ರಿಟೈರ್ ಆಗಲು ಬಂದ ಟೆಕ್ನಿಷಿಯನ್ ಒಬ್ಬರಿದ್ದರು. ಮಾತು ಕಮ್ಮಿ. ಉಪಕರಣದ ಜೊತೆ ರಟ್ಟು ಹರಿದ ಒಂದು ನೋಟ್‌ಬುಕ್ ಕಳಿಸಿದ್ದರು. ಪ್ರತಿ ಸೋಮವಾರ ಮೂರೂ ರೇಂಜಿನ ರೀಡಿಂಗ್, ಪಕ್ಕದಲ್ಲಿ ಕೋಣೆಯ ಉಷ್ಣತೆ, ಅದರ ಪಕ್ಕ 'ಮಳಿ' ಅಥವಾ 'ಬಿಸಲ'. ಸಾವಿರದ ರೀಡಿಂಗ್ 'ಮಳಿ' ಇದ್ದ ವಾರಗಳಲ್ಲಷ್ಟೇ ಇಳಿದಿತ್ತು. ಮುಚ್ಚಳ ತೆಗೆಯುವ ಮೊದಲೇ ನನಗೆ ರೋಗ ಗೊತ್ತಾಗಿತ್ತು. ಅವರಿಗೆ ಫೋನ್ ಮಾಡಿ ಹೊಗಳಿದರೆ, "ಬರೀಲಿಲ್ಲಂದ್ರ ನೆನಪಿರಂಗಿಲ್ರಿ" ಅಂದು ಇಟ್ಟುಬಿಟ್ಟರು.

ಆ ಕೆಟ್ಟ ರೀಡಿಂಗ್ ನಿಮಗೂ ಬೇಕು. ಕಳೆದ ವರ್ಷ ಇದರಿಂದ ಪರೀಕ್ಷೆ ಮಾಡಿದ ಪ್ಯಾನೆಲ್ ಮೀಟರ್‌ಗಳಲ್ಲಿ ಯಾವುದನ್ನು ಮತ್ತೆ ನೋಡಬೇಕು ಅನ್ನುವುದು ಅದರಿಂದಲೇ ತಿಳಿಯುವುದು. ಲ್ಯಾಬ್‌ಗಳಿಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ/ಐಇಸಿ 17025 ಕೂಡ, ಸಿಕ್ಕಿದ್ದರೆ ರಿಪೇರಿಗೆ ಮುಂಚಿನ, ನಂತರದ ಎರಡೂ ಫಲಿತಾಂಶ ಸರ್ಟಿಫಿಕೇಟಿನಲ್ಲಿ ಇರಲಿ ಅನ್ನುತ್ತದೆ. ನಾನು ರಿಪೇರಿಯವನು, ಸರ್ಟಿಫಿಕೇಟ್ ಕೊಡುವವನಲ್ಲ. ನನ್ನ ಕೈಯಿಂದ ಹೋದ ಮೇಲೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಕಳಿಸಲೇಬೇಕು.

ತರುವಾಗ ಹಳೇ ಸರ್ಟಿಫಿಕೇಟುಗಳೂ ಜೊತೆಗಿರಲಿ. ಸ್ಕ್ರೂ ಈಗಾಗಲೇ ತಿರುಗಿಸಿದ್ದರೆ ಯಾವುದು, ಯಾವ ಕಡೆಗೆ ಅಂತ ಚೀಟಿ ಬರೆದು ಅಂಟಿಸಿ, ನಾನು ಬೈಯುವುದಿಲ್ಲ. ಮಳೆಗಾಲದ ತೊಂದರೆಯಾದರೆ ಮಳೆಗಾಲದಲ್ಲೇ ತನ್ನಿ. ದೀಪಾವಳಿ ಮುಗಿಸಿ ತಂದರೆ ಅದು ನನ್ನ ಟೇಬಲ್ ಮೇಲೆ ಸರಿಯಾಗಿ ಸಾವಿರ ತೋರಿಸುತ್ತಾ ಕೂರುತ್ತದೆ.