ಮುಡಿಯುವುದು ಕಂಜಾಶಿ, ಮಡಿಸುವುದು ತ್ಸುಮಾಮಿ

ಹೋದ ವಾರ ಒಂದು ಕರಕುಶಲ ಮೇಳದಲ್ಲಿ ಮತ್ತೆ ಅದೇ ಚೀಟಿ ಕಣ್ಣಿಗೆ ಬಿತ್ತು: ‘ಕಂಜಾಶಿ ಓಲೆ, ಜಪಾನಿ ವಿಂಟೇಜ್’. ಪಕ್ಕದಲ್ಲೇ ‘ಕಂಜಾಶಿ ಬ್ರೋಚ್’, ‘ಕಂಜಾಶಿ ಸರ’. ಬಟ್ಟೆ ಮಡಿಸಿ ಮಾಡಿದ ಹೂವನ್ನೆಲ್ಲ ಕಂಜಾಶಿ ಅನ್ನುವುದು ಈಗ ಎಷ್ಟು ಹಬ್ಬಿದೆ ಅಂದರೆ, ಮಾಡುವುದನ್ನು ಕಲಿಸುವವರ ಬಾಯಲ್ಲೂ ಅದೇ ಮಾತು. ಯಾರಾದರೂ ‘ಜಡೆಬಿಲ್ಲೆ ಓಲೆ’ ಅಂತ ಮಾರಿದರೆ ನಾವು ಒಪ್ಪುತ್ತೇವಾ? ಕಂಜಾಶಿ ಓಲೆ ಅನ್ನುವುದೂ ಹಾಗೆಯೇ.

ಕಂಜಾಶಿ ಅಂದರೆ ಜಪಾನಿ ಹೆಂಗಸರು ತಲೆಗೆ ಮುಡಿಯುವ ಒಡವೆ. ಯಾವುದರಿಂದ ಮಾಡಿದ್ದು ಅನ್ನುವುದನ್ನು ಆ ಪದ ಹೇಳುವುದೇ ಇಲ್ಲ. ಬೆಳ್ಳಿಯ ಕಡ್ಡಿಯೂ ಕಂಜಾಶಿ, ಆಮೆಚಿಪ್ಪಿನದೂ ಕಂಜಾಶಿ, ಮೆರುಗು ಬಳಿದ ಮರದ್ದೂ ಕಂಜಾಶಿ. ಬಟ್ಟೆಯ ಹೂವಿನದು ಅವುಗಳಲ್ಲಿ ಒಂದು ಬಗೆ.

ಪದ ಬಿಡಿಸಿ ನೋಡಿದರೆ ಗೊಂದಲಕ್ಕೆ ಜಾಗವೇ ಇರುವುದಿಲ್ಲ. ‘ಕಮಿ’ ಅಂದರೆ ಕೂದಲು. ‘ಸಾಶಿ’ ಬಂದದ್ದು ಚುಚ್ಚು, ಸಿಕ್ಕಿಸು ಅನ್ನುವ ಅರ್ಥದ ಕ್ರಿಯಾಪದದಿಂದ. ಎರಡೂ ಸೇರಿದಾಗ ‘ಮಿ’ ಕರಗಿ ಸೊನ್ನೆಯಾಯಿತು, ‘ಸಾ’ ಹೋಗಿ ‘ಜಾ’ ಬಂತು ಅನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ಕೂದಲಿಗೆ ಸಿಕ್ಕಿಸುವಂಥದ್ದು ಕಂಜಾಶಿ. ಈ ‘ಸ’ ಯಾಕೆ ‘ಜ’ ಆಯಿತು ಅನ್ನುವುದು ಕನ್ನಡದವರಿಗೆ ಕಷ್ಟವಾಗಬಾರದು. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಆದೇಶಸಂಧಿಯ ತರಹದ್ದೇ ಒಂದು ನಿಯಮ ಜಪಾನಿಯಲ್ಲೂ ಇದೆ. ಅವರು ಅದನ್ನು ರೆಂದಾಕು ಅನ್ನುತ್ತಾರೆ. ಎರಡನೇ ಪದದ ಮೊದಲ ‘ಕ’ ಅಲ್ಲಿ ‘ಗ’ ಆಗುತ್ತದೆ, ‘ತ’ ಹೋಗಿ ‘ದ’ ಬರುತ್ತದೆ, ‘ಸ’ ಹೋಗಿ ‘ಜ’ ಬರುತ್ತದೆ. ‘ಒರಿ’ಗೆ ‘ಕಮಿ’ ಸೇರಿ ಒರಿಗಮಿ ಆದದ್ದೂ ಹೀಗೆ. ಆ ಕಮಿ ಮಾತ್ರ ಕಾಗದ, ಕೂದಲಿನ ಕಮಿ ಬೇರೆ. ಎರಡು ಬೇರೆ ಬೇರೆ ಕುಲದ ಭಾಷೆಗಳು ಇಷ್ಟು ಹತ್ತಿರದ ಅಭ್ಯಾಸ ಇಟ್ಟುಕೊಂಡಿರುವುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಹಾಗಾದರೆ ಬಟ್ಟೆ ಮಡಿಸುವ ಕೆಲಸಕ್ಕೆ ಏನು ಹೆಸರು? ತ್ಸುಮಾಮಿ ಜೈಕು. ‘ಸೈಕು’ ಅಂದರೆ ನಾಜೂಕಿನ ಕೈಕೆಲಸ. ಇಲ್ಲೂ ಅದೇ ಸಂಧಿ, ಸೈಕು ಹೋಗಿ ಜೈಕು. ತ್ಸುಮಾಮಿ ಅಂದರೆ ಬೆರಳ ತುದಿಯಲ್ಲಿ ಚಿವುಟಿ ಹಿಡಿಯುವುದು. ಅಡುಗೆಯಲ್ಲಿ ಒಂದು ಚಿಟಿಕೆ ಉಪ್ಪು ಅನ್ನುತ್ತೇವಲ್ಲ, ಅದಕ್ಕೆ ಜಪಾನಿಯಲ್ಲಿ ‘ಹಿತೊತ್ಸುಮಾಮಿ’. ಚಿವುಟುವುದು, ಚಿಟಿಕೆ ಎರಡೂ ಒಂದೇ ಮಾತಿನಲ್ಲಿ ಬಂದುಬಿಟ್ಟವು. ಹೆಸರಲ್ಲೇ ಕೆಲಸ ಇದೆ.

ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಎರಡು ಮೂರು ಸೆಂಟಿಮೀಟರಿನ ಚೌಕ ರೇಷ್ಮೆ ತುಂಡು. ಚಿಮುಟದಲ್ಲಿ ಹಿಡಿದು ಮೂಲೆಯಿಂದ ಮೂಲೆಗೆ ಮಡಿಸಿದರೆ ತ್ರಿಕೋನ. ಮತ್ತೊಮ್ಮೆ ಮಡಿಸಿದರೆ ಇನ್ನೂ ಸಣ್ಣ ತ್ರಿಕೋನ. ಮೂರನೇ ಸಲವೂ ಹಾಗೇ ಮಡಿಸಿದರೆ ಚೂಪು ಎಸಳು, ಅದು ‘ಕೆನ್’, ಅಂದರೆ ಕತ್ತಿ. ಮೂರನೇ ಸಲ ಎರಡು ತುದಿಗಳನ್ನು ಹಿಂದಕ್ಕೆ ತಿರುಗಿಸಿದರೆ ಉಬ್ಬಿದ ದುಂಡು ಎಸಳು, ಅದು ‘ಮಾರು’. ಮೂಲ ಮಡಿಕೆ ಇವೆರಡೇ. ಮಡಿಸಿದ ಎಸಳುಗಳನ್ನು ಹಲಗೆಯ ಮೇಲೆ ಸವರಿದ ಅಕ್ಕಿಯ ಅಂಟಿನಲ್ಲಿ ಸಾಲಾಗಿ ನಿಲ್ಲಿಸಿ, ಆಮೇಲೆ ಒಂದೊಂದಾಗಿ ಎತ್ತಿ ಬುಡಕ್ಕೆ ಕೂರಿಸುತ್ತಾರೆ. ಹೀಗೆ ಕೂರಿಸುವುದಕ್ಕೆ ಅವರು ಬಳಸುವ ಕ್ರಿಯಾಪದ ‘ಫುಕು’. ಮನೆಗೆ ಹುಲ್ಲು ಹೊದಿಸುವುದಕ್ಕೂ ಅದೇ ಪದ.

ಗೊಂದಲ ಹುಟ್ಟಿದ್ದು ಎಲ್ಲಿ ಅನ್ನುವುದನ್ನು ಊಹಿಸಬಹುದು. ಕ್ಯೋಟೋದ ಮೈಕೋಗಳು, ಅಂದರೆ ಗೇಶಾ ವಿದ್ಯೆ ಕಲಿಯುತ್ತಿರುವ ಹುಡುಗಿಯರು, ತಿಂಗಳಿಗೊಂದು ಹೂವಿನ ಕಂಜಾಶಿ ಮುಡಿಯುತ್ತಾರೆ. ಏಪ್ರಿಲ್‌ನಲ್ಲಿ ಚೆರ್ರಿ, ಮೇ ತಿಂಗಳಲ್ಲಿ ವಿಸ್ಟೀರಿಯಾ, ಅಕ್ಟೋಬರ್‌ನಲ್ಲಿ ಸೇವಂತಿಗೆ. ಎಲ್ಲರ ಕಣ್ಣಿಗೆ ಬಿದ್ದದ್ದು ಆ ಫೋಟೋಗಳು. ಹೂವು ತ್ಸುಮಾಮಿ, ಮುಡಿದದ್ದು ಕಂಜಾಶಿ, ಹೊರಗಿನವರು ಎರಡನ್ನೂ ಬೆರೆಸಿಬಿಟ್ಟರು. ಟೋಕಿಯೋದ ಸಾಂಪ್ರದಾಯಿಕ ಕರಕುಶಲಗಳ ಪಟ್ಟಿಯಲ್ಲಿ ಈ ಕಸುಬಿನ ಹೆಸರು ‘ಎದೋ ತ್ಸುಮಾಮಿ ಕಂಜಾಶಿ’. ಎದೋ ಅಂದರೆ ಟೋಕಿಯೋದ ಹಳೇ ಹೆಸರು. ಅಲ್ಲಿ ಎರಡೂ ಪದ ಇವೆ, ಎರಡೂ ಬೇಕು.

ಇನ್ನು ‘ವಿಂಟೇಜ್’. ನಾನೇ ಒಮ್ಮೆ ‘ಹಳೇ ಕಿಮೋನೋ ರೇಷ್ಮೆ’ ಅಂತ ನಂಬಿ ತರಿಸಿದ ಓಲೆ ಹೊಚ್ಚಹೊಸ ಪಾಲಿಯೆಸ್ಟರ್ ರಿಬ್ಬನ್ ಆಗಿತ್ತು. ಕೊಕ್ಕರೆ ಚಿತ್ರ ಇದ್ದ ಮಾತ್ರಕ್ಕೆ ಬಟ್ಟೆಗೆ ವಯಸ್ಸಾಗುವುದಿಲ್ಲ. ಕಿಮೋನೋ ಬಟ್ಟೆಯ ಥಾನು ಸುಮಾರು 36ರಿಂದ 38 ಸೆಂಟಿಮೀಟರ್ ಅಗಲ, 12 ಮೀಟರ್ ಉದ್ದ. ಅದನ್ನು ನೇರ ಪಟ್ಟಿಗಳಾಗಿಯೇ ಕತ್ತರಿಸಿ ಹೊಲಿಯುತ್ತಾರೆ. ಹೊಲಿಗೆ ಬಿಚ್ಚಿದರೆ ಮತ್ತೆ ಪಟ್ಟಿಗಳೇ ಕೈಗೆ ಬರುತ್ತವೆ. ಹಾಗೆ ಬಿಚ್ಚಿ, ಒಗೆದು, ಎಳೆದು ಒಣಗಿಸಿ ಮತ್ತೆ ಹೊಲಿಯುವುದು ಅಲ್ಲಿ ಹಳೇ ರೂಢಿ. ಉಳಿದ ತುಂಡುಗಳಿಗೆ ‘ಹಗಿರೆ’ ಅನ್ನುತ್ತಾರೆ. ಓಲೆ, ಬ್ರೋಚುಗಳಿಗೆ ಬರುವುದು ಈ ಹಗಿರೆ.

ಅದರಲ್ಲೂ ಜಾಸ್ತಿ ಬೇಡಿಕೆ ಚಿರಿಮೆನ್‌ಗೆ. ಇದು ಮೈಯೆಲ್ಲ ಸಣ್ಣ ಸುಕ್ಕಿರುವ ರೇಷ್ಮೆ. ಕ್ಯೋಟೋದ ಉತ್ತರಕ್ಕಿರುವ ತಾಂಗೊ ಸೀಮೆಯಲ್ಲಿ 1720ರಿಂದ ನೇಯುತ್ತಿದ್ದಾರೆ. ಹೊಕ್ಕಿನ ನೂಲಿಗೆ ಬಿಗಿಯಾಗಿ ಹುರಿ ಕೊಟ್ಟು, ಒಮ್ಮೆ ಎಡ ಹುರಿ ಒಮ್ಮೆ ಬಲ ಹುರಿ ಹಾಕುತ್ತಾರೆ. ನೇಯ್ದ ಮೇಲೆ ಬಿಸಿನೀರಲ್ಲಿ ರೇಷ್ಮೆ ನೂಲಿನ ಸಹಜ ಅಂಟು ತೆಗೆದಾಗ ಹುರಿ ಸೆಳೆದುಕೊಂಡು ಸುಕ್ಕು ಏಳುತ್ತದೆ. ಮೈಸೂರು ಕ್ರೇಪ್ ಸೀರೆ ಮುಟ್ಟಿದವರಿಗೆ ಈ ಹುರಿ ನೂಲಿನ ಹದ ಗೊತ್ತು. ಚಿರಿಮೆನ್‌ನ ಸುಕ್ಕು ಇನ್ನೂ ಎದ್ದು ಕಾಣುತ್ತದೆ. ನೀರು ಬಿದ್ದರೆ ಆ ನೂಲು ಮತ್ತೆ ಸೆಳೆಯುತ್ತದೆ, ಎಸಳು ಮುದುಡುತ್ತದೆ.

ನನ್ನ ಹತ್ತಿರ ಈಗ ಇರುವ ಒಂದು ಜೊತೆ ಓಲೆಯಲ್ಲಿ, ಎಡಗಡೆಯದರ ಒಂದು ಎಸಳಿನ ಅಂಚಿಗೆ ಸಾಲಾಗಿ ಐದು ಸೂಜಿ ತೂತುಗಳಿವೆ. ಯಾವುದೋ ಕಿಮೋನೋದ ಹೊಲಿಗೆ ಬಿಚ್ಚಿದ ಗುರುತು. ಬಣ್ಣವೂ ಅಲ್ಲಿ ಒಂದು ಚೂರು ಗಾಢ, ಒಳಮಡಿಕೆಯಲ್ಲಿ ಬಿಸಿಲು ಕಾಣದೆ ಉಳಿದದ್ದು. ಮಾಡಿದಾಕೆ ಜೊತೆಗೆ ಇಟ್ಟಿದ್ದ ಚೀಟಿಯಲ್ಲಿ ಬರೆದದ್ದು ಇಷ್ಟು: ‘ತ್ಸುಮಾಮಿ ಓಲೆ. ಹಳೇ ಚಿರಿಮೆನ್. ನೀರು ತಾಗಿಸಬೇಡಿ.’