ಗೇಜಿನ ಲೆಕ್ಕ, ಗುಳೆಯ ಲೆಕ್ಕ

ರೈತ ಹೋರಾಟದ ಮೇಲೆ ಪಿಎಚ್‌ಡಿ ಮಾಡ್ತೀನಿ ಸರ್ ಅಂತ ಹುಡುಗರು ಬಂದಾಗ ನಾನು ಮೊದಲು ಕೇಳುವುದು ಒಂದೇ: ಆ ವರ್ಷ 104ನೇ ಮೈಲಿನಲ್ಲಿ ಗೇಜ್ ಎಷ್ಟಿತ್ತು?

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಮಟ್ಟಕ್ಕೆ ರಾಯಚೂರು ಕಡೆ ಎಲ್ಲರೂ ಗೇಜ್ ಅಂತಲೇ ಅನ್ನುತ್ತಾರೆ. ಹುಡುಗರ ಹತ್ತಿರ ಮುಖಂಡರ ಹೆಸರು, ಘೋಷಣೆ, ಪೇಪರ್ ಕಟಿಂಗ್ ಎಲ್ಲ ಇರುತ್ತವೆ. ಗೇಜ್ ಮಾತ್ರ ಇರುವುದಿಲ್ಲ.

ಇತಿಹಾಸ ಓದುವವರಿಗೆ ಅದು ಯಾಕೆ ಬೇಕು? 1953ರಲ್ಲಿ ನೀರು ಹರಿದಾಗ ಇದ್ದ ಯೋಜನೆ ಬೇರೆ. ಬರದ ನಾಡಿನಲ್ಲಿ ಆದಷ್ಟು ಜಾಸ್ತಿ ಹೊಲಕ್ಕೆ ಸ್ವಲ್ಪ ಸ್ವಲ್ಪ ನೀರು, ಹೆಚ್ಚಾಗಿ ಜೋಳ, ಹತ್ತಿಯಂಥ ಬೆಳೆಗೆ. ಆದರೆ ಗಂಗಾವತಿ, ಸಿಂಧನೂರು ಕಡೆ ಭತ್ತ ಬಂತು. ಕರಾವಳಿ ಆಂಧ್ರದಿಂದ ಬಂದವರು ಜಮೀನು ಕೊಂಡು ಕ್ಯಾಂಪ್, ಅಂದರೆ ತಮ್ಮದೇ ಸಣ್ಣ ಊರು, ಕಟ್ಟಿಕೊಂಡರು. ಅವರು ಬೆವರು ಸುರಿಸಿಯೇ ದುಡಿದರು, ಅದನ್ನು ಮರೆಯಬಾರದು. ಆದರೆ ಭತ್ತ ಜೋಳಕ್ಕಿಂತ ಎಷ್ಟೋ ಜಾಸ್ತಿ ನೀರು ಕುಡಿಯುತ್ತದೆ. ಕಾಲುವೆ 200 ಕಿ.ಮೀ.ಗೂ ಜಾಸ್ತಿ ಉದ್ದ. ಸಾಲದ್ದಕ್ಕೆ ಹೂಳು ತುಂಬಿ, 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಸುಮಾರು 105ಕ್ಕೆ ಇಳಿದಿದೆ. ಕೊನೆಭಾಗಕ್ಕೆ ಏನು ಉಳಿಯುತ್ತದೆ ಹೇಳಿ? ರಸ್ತೆ ತಡೆ ಎಲ್ಲಿ ಆಗುತ್ತದೆ ಅಂತ ಕಾಲುವೆಯ ನಕ್ಷೆ ನೋಡಿಯೇ ಹೇಳಬಹುದು. ನೀರು ಯಾರ ಹೊಲಕ್ಕೆ ಮೊದಲು ಹೋಯಿತು, ಯಾಕೆ ಹೋಯಿತು ಅಂತ ಕೇಳುವುದನ್ನೇ ನಾವು ರಾಜಕೀಯ ಅರ್ಥಶಾಸ್ತ್ರ ಅನ್ನುತ್ತೇವೆ.

ಶುರುವಿನಲ್ಲಿ ನಾನೂ ಇಷ್ಟಕ್ಕೇ ನಿಂತಿದ್ದೆ. ಮನವಿ ಪತ್ರ, ಸಭೆಯ ನಡಾವಳಿ, ಬಂಧನದ ವರದಿ ಒಟ್ಟು ಹಾಕಿ ಕೊನೆಭಾಗದ ರೈತರ ಹೋರಾಟದ ಮೇಲೆ ಒಂದು ಲೇಖನ ಬರೆದೆ. ಮಾನ್ವಿ ಕಡೆಯ ಹಳ್ಳಿಯೊಂದರಲ್ಲಿ ಅದನ್ನು ಓದಿ ಹೇಳುವಾಗ, ಕಟ್ಟೆಯ ಕೆಳಗೆ ಕೂತಿದ್ದ ಒಬ್ಬ ಅಮ್ಮ ಕೇಳಿದರು: 'ಇದ್ರಾಗ ನಮ್ದು ಎಲ್ಲೈತ್ರಿ ಸರ? ಆ ವರ್ಷ ನಾವು ಊರಾಗ ಇದ್ದಿಲ್ಲ, ಗುಳೆ ಹೋಗಿದ್ವಿ.'

ಅವರಿಗೆ ಹೊಲ ಇರಲಿಲ್ಲ. ಕಾಲುವೆ ಒಣಗಿದರೆ ಹೊಲದವನು ಮನವಿ ಕೊಡುತ್ತಾನೆ. ಕೂಲಿಯವರು ಗಂಟು ಕಟ್ಟಿಕೊಂಡು, ಕೆಲಸ ಹುಡುಕಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಗುಳೆ ಅಂದರೆ ಇದೇ. ಬರದ ಪೆಟ್ಟು ಹೆಚ್ಚು ತಿಂದವರೇ ಮೆರವಣಿಗೆಯ ಫೋಟೋದಲ್ಲಿ ಇರುವುದಿಲ್ಲ. ಅವರ ಸಹಿ ಯಾವ ಮನವಿಯಲ್ಲೂ ಸಿಗುವುದಿಲ್ಲ. ಹಾಗಂತ ಅವರು ಸುಮ್ನೆ ಇದ್ದರು ಅಂತ ಬರೆದರೆ ಅದು ಸುಳ್ಳು ಚರಿತ್ರೆ, ಅಲ್ವಾ?

ಆಮೇಲೆ ಹುಡುಕುವ ಜಾಗವನ್ನೇ ಬದಲಿಸಿದೆ. ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಹೆಡ್‌ಮೇಷ್ಟ್ರು ಬೀರುವಿನಿಂದ ಹಳೆಯ ಹಾಜರಿ ಪುಸ್ತಕ ತೆಗೆದುಕೊಟ್ಟರು. ಅಂಚು ಗೆದ್ದಲು ತಿಂದಿತ್ತು. ದೀಪಾವಳಿ ತನಕ ಮೂರನೇ ತರಗತಿ ತುಂಬಿತ್ತು. ಆಮೇಲೆ ಒಂದೊಂದೇ ಹೆಸರಿನ ಮುಂದೆ ಗೈರುಹಾಜರಿ ಶುರುವಾಗಿ, ವಾರಗಟ್ಟಲೆ ಹಾಗೇ ಸಾಗಿತ್ತು. ಅಕ್ಕ-ತಮ್ಮ ಇಬ್ಬರೂ ಒಂದೇ ದಿನದಿಂದ ಕಾಣೆ. ಜೂನ್‌ನಲ್ಲಿ ತಮ್ಮನ ಹೆಸರು ಮತ್ತೆ ಬಂದಿದೆ. ಅಕ್ಕನದು ಬಂದಿಲ್ಲ.

ಈಗ ನನ್ನ ವಿದ್ಯಾರ್ಥಿಗಳು ಗೇಜಿನ ಅಂಕಿಯನ್ನೂ ಹಾಜರಿ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು, ತಿಂಗಳು ತಿಂಗಳು ಹೊಂದಿಸಿ ನೋಡುತ್ತಾರೆ. ನಿಧಾನದ ಕೆಲಸ. ಆ ಹುಡುಗಿಯ ಹೆಸರು ಸಿಕ್ಕಿದ್ದು ಅಲ್ಲಿಯೇ.